ಐದು ಸ್ಟಾರಿನ ಫ್ರಿಜ್ಜು, ಮಾವನವರ ಮೀಟರು

ಕಳೆದ ತಿಂಗಳು ಒಂದು ಶನಿವಾರ ನಮ್ಮ ಮನೆಯ ಫ್ರಿಜ್ಜಿಗೆ ಬೀಗ ಬಿತ್ತು.

ಬೀಗ ಎಂದರೆ ನಿಜವಾದ ಬೀಗವೇ. ಫ್ರಿಜ್ಜಿನ ಜೊತೆ ಕಂಪನಿಯವರು ಒಂದು ಪುಟ್ಟ ಕೀಲಿ ಕೊಟ್ಟಿರುತ್ತಾರಲ್ಲ? ಯಾವ ಮನೆಯಲ್ಲೂ ಯಾರೂ ಬಳಸದೆ, ಗುಂಡಿ, ಸೂಜಿ, ಹಳೆಯ ನಾಣ್ಯಗಳ ಡಬ್ಬಿಯಲ್ಲಿ ಬಿದ್ದಿರುತ್ತದೆ. ಅದನ್ನು ಹುಡುಕಿ ತೆಗೆದು, ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ಫ್ರಿಜ್ಜಿನ ಬಾಗಿಲು ಭದ್ರ ಮಾಡಿ, ಕೀಲಿಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡವರು ನಮ್ಮ ಮಾವನವರು. ವಯಸ್ಸು ಎಪ್ಪತ್ತೆರಡು. ಮಾರನೆಯ ದಿನ ಬೆಳಿಗ್ಗೆ ಏಳರ ತನಕ ಯಾರೂ ಮುಟ್ಟುವಂತಿಲ್ಲ. ಹಾಲನ್ನು ಮೂರು ಸಲ ಕಾಸಿದೆವು. ಮೊಸರು ಹುಳಿಯಾಯಿತು. ಕೊತ್ತಂಬರಿ ಬಾಡಿತು. ಮನೆಯವರು (ದಾಂಡೇಲಿಯಲ್ಲಿ ಶಿಫ್ಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬೆವರುತ್ತ ಬಂದವರು) ತಣ್ಣೀರು ಕೇಳಿದರು. ಅಪ್ಪನ ಮುಖ ನೋಡಿ, ಕೊಡದಲ್ಲಿದ್ದ ನೀರನ್ನೇ ಕುಡಿದರು.

ಹುಚ್ಚು ಅನ್ನುತ್ತೀರಾ? ಆ ಹುಚ್ಚಿನಲ್ಲಿ ಅರ್ಧ ಪಾಲು ನನ್ನದು. ಮೊದಲಿನಿಂದ ಹೇಳುತ್ತೇನೆ.

ಹದಿನಾಲ್ಕು ವರ್ಷ ದುಡಿದ ನಮ್ಮ ಹಳೆಯ ಫ್ರಿಜ್ಜು ಸಂಕ್ರಾಂತಿಯ ಹೊತ್ತಿಗೆ ಪ್ರಾಣ ಬಿಟ್ಟಿತು. ಹೊಸದನ್ನು ತರಲು ಹಳಿಯಾಳದಿಂದ ಹುಬ್ಬಳ್ಳಿಗೆ ಹೋದೆವು. ಶೋರೂಮಿನಲ್ಲಿ ನೋಡಿದರೆ ಪ್ರತಿ ಫ್ರಿಜ್ಜಿನ ಹಣೆಯ ಮೇಲೂ ಒಂದು ಸ್ಟಿಕ್ಕರು. ಈಗ ಹೊಸದಾಗಿ ಶುರುವಾಗಿದೆಯಲ್ಲ, ಸರ್ಕಾರದ ಸ್ಟಾರು. ಒಂದು ಸ್ಟಾರ್ ಇದ್ದರೆ ಕರೆಂಟು ಜಾಸ್ತಿ ತಿನ್ನುತ್ತದೆ, ಐದಿದ್ದರೆ ಕಡಿಮೆ. ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. ನನಗೆ ಅದನ್ನು ನೋಡಿ ಆದ ಸಂತೋಷವನ್ನು ಏನೆಂದು ಹೇಳಲಿ? ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು ನಾನು. ಜನ ಬಣ್ಣ ನೋಡಿ, ಹ್ಯಾಂಡಲ್ ನೋಡಿ ಫ್ರಿಜ್ ಕೊಳ್ಳುವ ದೇಶದಲ್ಲಿ ಕೊನೆಗೂ ಒಂದು ಅಂಕಿ ಬಂತಲ್ಲ ಎನ್ನಿಸಿತು. ಐದು ಸ್ಟಾರಿನದೇ ಬೇಕೆಂದು ಹಟ ಹಿಡಿದು ತಂದೆ.

ತಂದಮೇಲೆ ಸುಮ್ಮನಿದ್ದೆನೇ? ನಮ್ಮ ಗಲ್ಲಿಯಲ್ಲಿ ಫ್ರಿಜ್ ನೋಡಲು ಬಂದವರಿಗೆಲ್ಲ ಸ್ಟಿಕ್ಕರಿನ ಪಾಠ ಮಾಡಿದೆ. ವರ್ಷದ ಯೂನಿಟ್ಟನ್ನು ಮುನ್ನೂರಾ ಅರವತ್ತೈದರಿಂದ ಭಾಗಿಸಿ, ದಿನಕ್ಕೆ ಬರೀ ಮುಕ್ಕಾಲು ಯೂನಿಟ್ ಎಂದು ತೋರಿಸಿದೆ. ಎಲ್ಲರೂ ತಲೆದೂಗಿದರು, ಮಾವನವರೊಬ್ಬರನ್ನು ಬಿಟ್ಟು.

ನಮ್ಮ ಮಾವನವರು ಮೂವತ್ತಾರು ವರ್ಷ ಮೀಟರ್ ರೀಡರ್ ಆಗಿದ್ದವರು. ಜೋಯಿಡಾ, ದಾಂಡೇಲಿ, ಮುಂಡಗೋಡ, ಕೊನೆಗೆ ಹಳಿಯಾಳ. ಉಳವಿಯ ಕಡೆ ಒಂದು ಮನೆಯ ಮೀಟರ್ ನೋಡಿ ಮುಂದಿನ ಮನೆಗೆ ಹೋಗಬೇಕೆಂದರೆ ಅರ್ಧ ದಿನ ಕಾಡಿನಲ್ಲಿ ನಡೆಯಬೇಕಾಗಿದ್ದ ಕಾಲ. ಅವರಿಗೆ ಕೊಂಕಣಿ ಬಂದದ್ದು ಹಾಗೆ, ಮಂಡಿ ನೋವು ಬಂದದ್ದೂ ಹಾಗೆ. ಮೀಟರ್ ನೋಡಿ ಮನೆಯ ಸುದ್ದಿ ಹೇಳುತ್ತಿದ್ದರಂತೆ. ಪಾಳಾ ಎಂಬ ಊರಿನ ಒಂದು ಮನೆಯಲ್ಲಿ ಆ ತಿಂಗಳ ಅಂಕಿ ಏರಿದ್ದು ಕಂಡು, ಮಗಳು ಬಾಣಂತನಕ್ಕೆ ಬಂದಿದ್ದಾಳೋ ಎಂದು ಹೊರಗಿನಿಂದಲೇ ಕೇಳಿದರಂತೆ. ಹೌದು, ಕೂಸಿಗೆ ಹತ್ತು ದಿನ ಎಂದು ಒಳಗಿನಿಂದ ಉತ್ತರ ಬಂತಂತೆ. (ಈ ಕಥೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಊರು ಒಮ್ಮೆ ಪಾಳಾ ಆಗುತ್ತದೆ, ಒಮ್ಮೆ ಇಂದೂರ. ಕೂಸಿನ ವಯಸ್ಸು ಮಾತ್ರ ಬದಲಾಗುವುದಿಲ್ಲ.)

ಅಂಥವರಿಗೆ ಅಚ್ಚಾದ ಅಂಕಿಯ ಮೇಲೆ ನಂಬಿಕೆ ಹೇಗೆ ಬರಬೇಕು? ಅವರು ನನ್ನನ್ನು ಕರೆಯುವುದು 'ಅಕ್ಕೋರ' ಎಂದು. ನಮ್ಮ ಕಡೆ ಟೀಚರಮ್ಮನಿಗೆ ಹಾಗನ್ನುತ್ತಾರೆ. ಗಲ್ಲಿಯವರು ಗೌರವಕ್ಕೆ ಅನ್ನುತ್ತಾರೆ, ಮಾವನವರು ಕೆಣಕಲಿಕ್ಕೆ.

"ಅಕ್ಕೋರ, ಆ ಅಂಕಿ ಅಂಗಡ್ಯಾಗಿಂದು. ನಮ್ಮ ಮನೀದು ಎಷ್ಟಂತ ಇನ್ನ ಯಾರೂ ನೋಡಿಲ್ಲ," ಎಂದರು.

ಸರಿ, ನೋಡಿಯೇ ಬಿಡೋಣ ಎಂದೆ. ಎರಡೇ ದಿನದಲ್ಲಿ, ಬಾಡಿಗೆದಾರರ ಮನೆಗೆ ಹಾಕುತ್ತಾರಲ್ಲ ಅಂಥ ಒಂದು ಸಣ್ಣ ಮೀಟರನ್ನು ಪರಿಚಯದ ಎಲೆಕ್ಟ್ರಿಷಿಯನ್ ಬಂದು ಫ್ರಿಜ್ಜಿನ ಪಕ್ಕದ ಗೋಡೆಗೆ ಕೂರಿಸಿಕೊಟ್ಟ. ಬರೀ ಫ್ರಿಜ್ಜಿಗೆಂದೇ ಒಂದು ಮೀಟರು. ದಿನಾ ಬೆಳಿಗ್ಗೆ ಏಳಕ್ಕೆ ಮಾವನವರು ಸ್ನಾನ ಮುಗಿಸಿ, ಕನ್ನಡಕ ಒರೆಸಿ, ಅದರ ಮುಂದೆ ನಿಲ್ಲುವರು. ಅಂಕಿ ಓದಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವರು. ನಿವೃತ್ತರಾಗಿ ಹದಿನಾಲ್ಕು ವರ್ಷವಾದ ಮೇಲೆ ಅವರಿಗೆ ಮತ್ತೆ ಡ್ಯೂಟಿ ಸಿಕ್ಕಿತ್ತು. ಬೆಳಗಿನ ಚಹಾದ ಹೊತ್ತಿಗೆ ಅವರ ಮುಖದಲ್ಲೊಂದು ಕಳೆ ಬರತೊಡಗಿತು. ಅಷ್ಟರ ಮಟ್ಟಿಗೆ ಫ್ರಿಜ್ಜು ಮನೆಗೆ ಒಳ್ಳೆಯದನ್ನೇ ಮಾಡಿತು.

ಒಂದು ವಾರದ ನಂತರ ಲೆಕ್ಕ ಹಾಕಿದೆವು. ದಿನಕ್ಕೆ ಮುಕ್ಕಾಲು ಯೂನಿಟ್ ತಿನ್ನಬೇಕಾದ ಐದು ಸ್ಟಾರಿನ ಫ್ರಿಜ್ಜು ಒಂದೂವರೆ ಯೂನಿಟ್ ತಿನ್ನುತ್ತಿತ್ತು.

ಬರೋಬ್ಬರಿ ಎರಡು ಪಟ್ಟು. ಮಾವನವರು ಕ್ಯಾಲೆಂಡರನ್ನು ನನ್ನ ಕಡೆ ತುಸು ತಿರುಗಿಸಿ ಇಟ್ಟರು, ಅಷ್ಟೇ. ನನಗೆ ಅವಮಾನವಾಯಿತು. ಇಡೀ ಗಲ್ಲಿಗೆ ಪಾಠ ಮಾಡಿದ್ದೆನಲ್ಲ? ಶೋರೂಮಿಗೆ ಫೋನ್ ಮಾಡಿ, ಬಿಡದೆ ಮಾಡಿ, ಮೆಕ್ಯಾನಿಕ್ಕನ್ನು ಕರೆಸಿದೆ. ಧಾರವಾಡದ ಕಡೆಯ ಮನುಷ್ಯ, ಮಾತಿನಲ್ಲಿ ಕಪಟವಿಲ್ಲ. ಹಿಂದೆ ಮುಂದೆ ನೋಡಿದ. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದ. ಗ್ಯಾಸು ಪರೀಕ್ಷಿಸಿದ. ಎಲ್ಲ ಸರಿ ಇದೆ ಎಂದ. ಹಾಗಾದರೆ ಸ್ಟಿಕ್ಕರಿನಲ್ಲಿ ಸುಳ್ಳು ಬರೆದಿದ್ದಾರೆಯೇ ಎಂದು ಕೇಳಿದೆ. ಸುಳ್ಳಲ್ಲ ಮೇಡಂ, ಅವರು ಲ್ಯಾಬಿನಲ್ಲಿ ಟೆಸ್ಟ್ ಮಾಡುವಾಗ ಬಾಗಿಲು ತೆಗೆಯುವುದೇ ಇಲ್ಲ, ಇಡೀ ದಿನ ಮುಚ್ಚಿಟ್ಟೇ ಅಳೆಯುತ್ತಾರೆ ಎಂದ.

ಮಾವನವರು ಕುರ್ಚಿಯಿಂದಲೇ ಕೇಳಿದರು. "ಬಾಗಲಾ ತೆಗೀಲಾರದ ಫ್ರಿಜ್ ತಗೊಂಡು ಮಂದಿ ಏನ ಮಾಡಬೇಕೋ ತಮ್ಮಾ?"

ಆತನಿಗೆ ನಗು ತಡೆಯಲಾಗಲಿಲ್ಲ. ನಾನು ಮಾತ್ರ ನಗಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಾಗಲೇ ಎರಡು ಪ್ರಯೋಗಗಳು ಓಡುತ್ತಿದ್ದವು. ಒಂದು, ನಮ್ಮ ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ? ಎರಡು, ತೆರೆಯದೆ ಇಟ್ಟರೆ ಸ್ಟಿಕ್ಕರಿನ ಅಂಕಿ ಬರುತ್ತದೆಯೇ?

ಮೊದಲನೆಯದಕ್ಕೆ ಕಾಲೇಜಿನಿಂದ ಒಂದು ಗ್ರಾಫ್ ಹಾಳೆ ತಂದು ಬಾಗಿಲಿಗೆ ಅಂಟಿಸಿದೆ. ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ಬಾಗಿಲು ತೆಗೆದವರು ಒಂದು ಗೀಟು ಹಾಕಬೇಕು. ಹಾಳೆಯಲ್ಲಿ ಎರಡು ಕಾಲಂ ಮಾಡಿದೆ. ಒಂದರ ಮೇಲೆ 'ಮನೆಯವರು' ಎಂದು ಬರೆದೆ, ಇನ್ನೊಂದರ ಮೇಲೆ 'ಹೊರಗಿನವರು' ಎಂದು. ದುಂಡಗೆ, ದೊಡ್ಡದಾಗಿ, ಬೋರ್ಡಿನ ಮೇಲೆ ಬರೆಯುವ ಹಾಗೆ. ಅದನ್ನು ಬರೆಯುವಾಗ ಕೈ ಒಂದಿಷ್ಟೂ ಅಳುಕಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಾಲ್ಕು ದಿನ ಎಣಿಸಿದಾಗ ದಿನಕ್ಕೆ ಐವತ್ತರ ಹತ್ತಿರ ಗೀಟು ಬಿದ್ದಿದ್ದವು. ಅರ್ಧಕ್ಕಿಂತ ಹೆಚ್ಚು ಹೊರಗಿನವರ ಕಡೆ.

ಆಶ್ಚರ್ಯವೇನೂ ಅಲ್ಲ ಬಿಡಿ. ನಮ್ಮ ಗಲ್ಲಿಯಲ್ಲಿ ಹನ್ನೊಂದು ಮನೆ, ಫ್ರಿಜ್ಜು ಒಂದೇ. ಎದುರು ಮನೆಯ ಶಾಂತಕ್ಕನ ದೋಸೆ ಹಿಟ್ಟು, ಹಿಂದಿನ ಮನೆಯ ಅಬ್ದುಲ್ ಚಾಚಾ ಅವರ ಹಾಲಿನ ಪಾಕೀಟು, ಯಾರದೋ ಮಲ್ಲಿಗೆ ದಂಡೆ, ಬಿದ್ದು ಬಾತುಕೊಂಡ ಮೊಣಕಾಲಿಗೆ ಐಸು. ಹಳೆಯ ಫ್ರಿಜ್ಜಿನ ಕಾಲದಿಂದಲೂ ಹೀಗೇ. ಹಿತ್ತಲ ಬಾಗಿಲಿನಿಂದ ಬರುವರು, ಅಕ್ಕೋರ ಎಂದು ಒಮ್ಮೆ ಕೂಗುವರು, ಇಡುವರು, ಒಯ್ಯುವರು.

ಇವರಲ್ಲಿ ತಪ್ಪದೆ ದಿನಕ್ಕೆ ಎರಡು ಸಲ ಬರುವವರು ಜುಲಿಯಾನಾ ಬಾಯಿ. ಗಲ್ಲಿಯ ಕೊನೆಯ ಮನೆ. ಐವತ್ತರ ಆಸುಪಾಸು. ಗಂಡ ಬಸ್ತ್ಯಾಂವ್ ಟಿಂಬರ್ ಡಿಪೋದಲ್ಲಿ ನಾಟಾ, ಅಂದರೆ ಮರದ ದಿಮ್ಮಿ, ಏರಿಸುವ ಕೆಲಸದಲ್ಲಿದ್ದವರು. ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಮನೆತನ. ಊರಿನಲ್ಲಿ ತುಂಡು ಗದ್ದೆ, ತಮ್ಮಂದಿರು ನೋಡಿಕೊಳ್ಳುತ್ತಾರೆ. ಬಸ್ತ್ಯಾಂವ್ ಡೊಳ್ಳಿನಂಥ ಎದೆಯ ಆಳು, ಮಾತು ಮಾತ್ರ ಪಿಸುಮಾತು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರನ್ನು ಅರ್ಧ ಮಾಡಿತು. ಈಗ ಬೆಳಿಗ್ಗೆ ಸಂಜೆ ಊಟದ ಮುಂಚೆ ಇನ್ಸುಲಿನ್ ಚುಚ್ಚಬೇಕು. ಅದನ್ನು ತಣ್ಣಗಿಡಬೇಕು ಎಂದು ಡಾಕ್ಟರು ಹೇಳಿದ ದಿನ ಜುಲಿಯಾನಾ ಬಾಯಿ ನಮ್ಮ ಹಿತ್ತಲಲ್ಲಿ ತುಂಬ ಹೊತ್ತು ನಿಂತಿದ್ದರು. ಕೇಳಲು ಅಷ್ಟು ಸಂಕೋಚ. ನಾನೇ ಕೈಯಿಂದ ಡಬ್ಬಿ ಇಸಿದುಕೊಂಡು ಬಾಗಿಲಿನ ಮೊಟ್ಟೆ ಟ್ರೇಯಲ್ಲಿಟ್ಟೆ. (ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಆ ಟ್ರೇಗೂ ಒಂದು ಕೆಲಸವಾಯಿತು.)

ಎರಡನೆಯ ಪ್ರಯೋಗವೇ ಬೀಗದ್ದು. ಇನ್ಸುಲಿನ್ನಿನ ವಿಷಯ ನಮಗೆ ಮರೆತಿರಲಿಲ್ಲ. ಶುಕ್ರವಾರ ಸಂಜೆಯೇ ಒಂದು ಥರ್ಮಾಸಿಗೆ ಐಸು ತುಂಬಿ, ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿಟ್ಟು ಜುಲಿಯಾನಾ ಬಾಯಿಯ ಕೈಗೆ ಕೊಟ್ಟೆ. ನಾಳೆ ಒಂದು ದಿನ ಅಡ್ಜಸ್ಟ್ ಮಾಡಿಕೊಳ್ಳಿ, ಮಾವನವರದು ಒಂದು ಪರೀಕ್ಷೆ ಇದೆ ಎಂದೆ. ಅವರು ಹಾಳೆಯ ಕಡೆ ಒಮ್ಮೆ ನೋಡಿದರು. ಆತ್ರಿ ಅಕ್ಕೋರ ಎಂದು ಹೋದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಮಾವನವರು ಮೀಟರ್ ಓದಿದರು. ನಾನು ಹಿಂದಿನ ದಿನದ್ದನ್ನು ಕಳೆದೆ.

ಮುಕ್ಕಾಲು ಯೂನಿಟ್. ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು.

ಸ್ಟಿಕ್ಕರು ಸತ್ಯವಂತ. ಸರ್ಕಾರ ಸತ್ಯವಂತ. ಫಿಸಿಕ್ಸ್ ಸತ್ಯ. ನಾನು ಅಂದು ಶ್ಯಾವಿಗೆ ಪಾಯಸ ಮಾಡಿದೆ. ಮಾವನವರು ಒಪ್ಪಿಕೊಂಡು ಎರಡು ಬಟ್ಟಲು ಉಂಡರು.

ಆಮೇಲೆ ಇನ್ನೂ ಒಂದು ಖುಷಿ ಕಾದಿತ್ತು. ಬೀಗ ತೆಗೆದ ಮೇಲೂ ಅಂಕಿ ಮೊದಲಿನ ಒಂದೂವರೆಗೆ ಏರಲಿಲ್ಲ. ಸೋಮವಾರ ಒಂದೂಕಾಲು. ಬುಧವಾರ ಇನ್ನೂ ಕಡಿಮೆ. ಶುಕ್ರವಾರದ ಹೊತ್ತಿಗೆ ಬರೀ ಒಂದು ಯೂನಿಟ್. ಅಳತೆ ಮಾಡಿದರೆ ಸಾಕು, ಜನ ತಾವಾಗಿಯೇ ಶಿಸ್ತು ಕಲಿಯುತ್ತಾರೆ ಎಂದು ನಾನು ಕ್ಲಾಸಿನಲ್ಲಿ ಹೇಳಿಯೂಬಿಟ್ಟೆ. ಈ ಅಂಕಣಕ್ಕೆ ಒಂದು ಭರ್ಜರಿ ವಿಷಯ ಸಿಕ್ಕಿತೆಂದುಕೊಂಡು ಮನಸ್ಸಿನಲ್ಲೇ ಶೀರ್ಷಿಕೆಯನ್ನೂ ಇಟ್ಟಿದ್ದೆ. ಆ ಬರಹ ಬರೆದಿದ್ದರೆ ನೀವು ಚಪ್ಪಾಳೆ ತಟ್ಟುತ್ತಿದ್ದಿರೇನೋ.

ಸಮಾಧಾನವಿಲ್ಲದೆ ಇದ್ದವರು ಮಾವನವರು. ಗೆದ್ದವಳ ಎದುರು ಸೋತವರ ಬೇಸರ ಎಂದುಕೊಂಡೆ. ಆದರೆ ಅವರು ಬೆಳಿಗ್ಗೆ ಅಂಕಿ ಬರೆದ ಮೇಲೂ ಮೀಟರಿನ ಮುಂದೆ ನಿಂತೇ ಇರುತ್ತಿದ್ದರು. ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದರು.

ಅದರ ಮುಂದಿನ ಸೋಮವಾರ ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಮಾವನವರು ಅಡುಗೆಮನೆಯಿಂದ ಕರೆದರು. ಹೋದೆ. ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದುಕೊಂಡು ನಿಂತಿದ್ದರು. ಕರೆಂಟು ಹರಿದುಹೋಗುತ್ತಿದೆಯಲ್ಲ ಎಂದು ಬಾಯಿಗೆ ಬಂತು.

"ಅಕ್ಕೋರ, ಮೀಟರ್ ಇಳದೈತಿ ಅಂದ್ರ ಮನ್ಯಾಗ ಯಾರೋ ಕಡಿಮಿ ಆಗ್ಯಾರಂತ ಅರ್ಥ. ಯಾರ ಕಡಿಮಿ ಆಗ್ಯಾರ, ನೋಡು," ಎಂದರು.

ನೋಡಿದೆ. ಶಾಂತಕ್ಕನ ಹಿಟ್ಟಿನ ಡಬ್ಬಿ ಇರಲಿಲ್ಲ. ಹಾಲಿನ ಪಾಕೀಟು ಎರಡೇ, ಎರಡೂ ನಮ್ಮವು. ಮಲ್ಲಿಗೆ ಇರಲಿಲ್ಲ. ಮೊಟ್ಟೆ ಟ್ರೇ ಖಾಲಿ.

ಥರ್ಮಾಸು ಒಯ್ದ ಜುಲಿಯಾನಾ ಬಾಯಿ ತಿರುಗಿ ಬಂದಿರಲಿಲ್ಲ. ಹತ್ತು ದಿನ. ದಿನಕ್ಕೆ ಎರಡು ಸಲ ಬರುತ್ತಿದ್ದವರು. ನನಗೆ ಗೊತ್ತೇ ಆಗಿರಲಿಲ್ಲ. ಗೀಟು ಕಡಿಮೆಯಾದದ್ದು ಗೊತ್ತಾಗಿತ್ತು, ಜುಲಿಯಾನಾ ಬಾಯಿ ಬಾರದ್ದು ಗೊತ್ತಾಗಿರಲಿಲ್ಲ. ಇದಕ್ಕಿಂತ ನಾಚಿಕೆಗೇಡಿನ ವಾಕ್ಯವನ್ನು ಈ ಅಂಕಣದಲ್ಲಿ ನಾನು ಹಿಂದೆಂದೂ ಬರೆದಿಲ್ಲ.

ಕಾಲೇಜಿಗೆ ರಜೆ ಹೇಳಿದೆ. ಇಬ್ಬರೂ ಗಲ್ಲಿಯ ಕೊನೆಗೆ ನಡೆದೆವು. ಮನೆಗೆ ಚಿಲಕ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಬಸ್ತ್ಯಾಂವ್‌ನನ್ನು ಬೆಳಿಗ್ಗೆ ರಿಕ್ಷಾದಲ್ಲಿ ಸರ್ಕಾರಿ ಆಸ್ಪತ್ರೆಗೆ ಒಯ್ದರೆಂದಳು. ನಿನ್ನೆಯಿಂದ ವಾಂತಿ, ಕಣ್ಣು ತೆರೆಯುತ್ತಿರಲಿಲ್ಲವಂತೆ.

ಆಸ್ಪತ್ರೆಯ ತನಕ ಮಂಡಿ ನೋವಿನ ಮಾವನವರು ನನಗಿಂತ ಎರಡು ಹೆಜ್ಜೆ ಮುಂದಿದ್ದರು.

ವಾರ್ಡಿನ ಕೊನೆಯ ಮಂಚದಲ್ಲಿ ಬಸ್ತ್ಯಾಂವ್ ಮಲಗಿದ್ದರು. ಕೈಗೆ ಸಲೈನ್. ನಮ್ಮನ್ನು ನೋಡಿ ಏಳಲು ಹೋದರು. ಸಕ್ಕರೆ ವಿಪರೀತ ಏರಿತ್ತು, ಸರಿಯಾದ ಹೊತ್ತಿಗೆ ತಂದರು, ಈಗ ಇಳಿಯುತ್ತಿದೆ, ಭಯವಿಲ್ಲ ಎಂದು ನರ್ಸು ಹೇಳಿದಳು. ಗೋಡೆಗೊರಗಿ ಕೂತಿದ್ದ ಜುಲಿಯಾನಾ ಬಾಯಿ ಎದ್ದು, ನಿನ್ನೆಯಿಂದ ತಿನ್ನದ ಮುಖದಲ್ಲಿ ನಕ್ಕು, ನಮಗೆ ಕೂರಲು ಸ್ಟೂಲು ಎಳೆದರು. ಮಾವನವರಿಗೆ ಕೊಂಕಣಿಯಲ್ಲಿ ಯಾಕೆ ಇಷ್ಟು ದೂರ ನಡೆದಿರಿ ಎಂದು ಗದರಿಸಿದರು.

ನಡೆದದ್ದನ್ನು ತುಣುಕು ತುಣುಕಾಗಿ ಹೇಳಿದರು. ಥರ್ಮಾಸಿನ ಐಸು ಎರಡು ದಿನಕ್ಕೆ ಕರಗಿತು. ನಮ್ಮಲ್ಲಿಗೆ ತರಲು ಮನಸ್ಸಾಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನವರನ್ನು ಕೇಳಿದರು. ಪಾಪ, ಅವರು ಸಂತೋಷದಿಂದಲೇ ತಮ್ಮ ಫ್ರಿಜ್ಜಿನಲ್ಲಿಟ್ಟುಕೊಂಡರು. ದಿನಾ ಬೆಳಿಗ್ಗೆ ಸಂಜೆ ಬಸ್ತ್ಯಾಂವ್ ಅಲ್ಲಿಗೇ ನಡೆದುಹೋಗುವುದು, ಚುಚ್ಚಿಸಿಕೊಂಡು ಬರುವುದು. ಈ ಭಾನುವಾರ ಅಂಗಡಿಯವರು ಮುಂಡಗೋಡದಲ್ಲೊಂದು ಮದುವೆಗೆ ಹೋಗಿದ್ದರು. ಶಟರ್ ಹಾಕಿತ್ತು. ಜುಲಿಯಾನಾ ಬಾಯಿ ಮೂರು ಸಲ ಹೋಗಿ ನೋಡಿದರು. ಬೇರೆ ಅಂಗಡಿಯಲ್ಲಿ ಆ ಔಷಧಿ ಇರಲಿಲ್ಲ. ಭಾನುವಾರದ ಎರಡೂ ಇಂಜೆಕ್ಷನ್ ತಪ್ಪಿದವು.

(ಬಾಟಲಿಯನ್ನು ಒಂದೆರಡು ದಿನ ಮನೆಯಲ್ಲೇ ನೀರಿನ ಮಡಿಕೆಯ ಪಕ್ಕ ನೆರಳಿಗಿಟ್ಟುಕೊಂಡಿದ್ದರೂ ನಡೆಯುತ್ತಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ಅದು ಅವರಿಗೂ ಗೊತ್ತಿರಲಿಲ್ಲ, ಫಿಸಿಕ್ಸ್ ಕಲಿಸುವ ನನಗೂ ಗೊತ್ತಿರಲಿಲ್ಲ.)

ನಾನು ಜುಲಿಯಾನಾ ಬಾಯಿಯ ಕೈ ಹಿಡಿದು, ನಾವು ಬೇಡ ಎಂದಿರಲಿಲ್ಲವಲ್ಲ, ಒಂದೇ ದಿನ ಎಂದಿದ್ದೆನಲ್ಲ ಎಂದೆ. ಅದು ಕ್ಷಮೆ ಕೇಳಿದ್ದೋ, ಸಮರ್ಥನೆಯೋ, ನನಗೇ ತಿಳಿಯದು.

"ನೀವು ಬ್ಯಾಡ ಅಂದಿಲ್ರಿ ಅಕ್ಕೋರ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ದಿನಾ ಎರಡ ಸಲ 'ಹೊರಗಿನವರು' ಅನ್ನೂದರ ಕೆಳಗ ನಾನ ನನ್ನ ಕೈಲೆ ಗೀಟ ಹಾಕೇನಿ. ನಾಕ ದಿನ ಹಾಕಿದೆ. ಆಮ್ಯಾಲ ಕೈ ಬರಲಿಲ್ಲ."

ಅವರು ಮೂರನೆಯ ಇಯತ್ತೆಯ ತನಕ ಓದಿದ್ದಾರೆ. ನನ್ನ ಅಕ್ಷರ ದುಂಡಗಿತ್ತು, ಓದಲು ಕಷ್ಟವಾಗಿರಲಿಲ್ಲ.

ಮಾವನವರು ಸ್ಟೂಲಿನಿಂದ ಎದ್ದರು. ಬಸ್ತ್ಯಾಂವ್ ಅವರ ಮಂಚದ ಹತ್ತಿರ ಹೋಗಿ ಅವರ ಪಾದದ ಮೇಲೆ ಕೈ ಇಟ್ಟರು. "ಮೀಟರ್ ನೋಡೂ ಹುಚ್ಚಿನಾಗ ಮಂದೀನ್ನ ನೋಡಲಿಲ್ಲೋ ಬಸ್ತ್ಯಾಂವ್. ತಪ್ಪು ನಂದು," ಎಂದರು. ಬಸ್ತ್ಯಾಂವ್ ಕಾಲು ಹಿಂದೆಗೆದುಕೊಂಡು, ಪಿಸುಮಾತಿನಲ್ಲಿ, ಹಂಗೆಲ್ಲಾ ಮುಟ್ಟಬ್ಯಾಡ್ರಿ ಅಜ್ಜಾರ ಎಂದರು. ಹಾಳೆಯ ಮೇಲೆ ಆ ಪದ ಬರೆದದ್ದು ನಾನು. ಮಾವನವರು ಅದನ್ನು ಹೇಳಲಿಲ್ಲ. ಆವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ.

ಮನೆಗೆ ಬಂದವಳೇ ಹಾಳೆ ಕಿತ್ತೆ. ಅಂಟು ಗಟ್ಟಿಯಾಗಿತ್ತು. ಅರ್ಧ ಹಾಳೆ ಬಂತು, ಅರ್ಧ ಬಾಗಿಲಿಗೇ ಕಚ್ಚಿಕೊಂಡಿತು. ಬಿಸಿನೀರು ಹಚ್ಚಿ, ಉಗುರಿನಲ್ಲಿ ಕೆರೆದು ತೆಗೆದೆ. ಆಮೇಲೆ ಶಾಂತಕ್ಕನ ಮನೆಗೆ ಹೋದೆ, ಚಾಚಾ ಅವರ ಮನೆಗೆ ಹೋದೆ. ಎಲ್ಲರದೂ ಒಂದೇ ಮಾತು: ಹಂಗೇನಿಲ್ರಿ ಅಕ್ಕೋರ, ನಮಗ ಫ್ರಿಜ್ಜಿನ ಕೆಲಸ ಬೀಳಲಿಲ್ಲ ಅಷ್ಟೇ. ಇಷ್ಟು ವರ್ಷದಲ್ಲಿ ದೋಸೆ ಹಿಟ್ಟು ರುಬ್ಬದ ವಾರ ಶಾಂತಕ್ಕನ ಮನೆಯಲ್ಲಿ ಒಂದಾದರೂ ಇತ್ತೇ? ನನ್ನ ಮುಖ ಉಳಿಸಲು ಗಲ್ಲಿಗೆ ಗಲ್ಲಿಯೇ ಸುಳ್ಳು ಹೇಳಿತು.

ಮೂರನೆಯ ದಿನ ಬಸ್ತ್ಯಾಂವ್ ಮನೆಗೆ ಬಂದರು. ಅಂದು ಮಾವನವರು ತಾವೇ ಮೆಡಿಕಲ್ ಶಾಪಿಗೆ ಹೋಗಿ ಡಬ್ಬಿ ತಂದು ಮೊಟ್ಟೆ ಟ್ರೇಯಲ್ಲಿಟ್ಟರು. ಜುಲಿಯಾನಾ ಬಾಯಿಗೆ ಬರಲು ಇನ್ನೂ ಕಾಲು ಬಂದಿರಲಿಲ್ಲ. ಬರಲಿ ಎಂದು ಕಾಯಲೂ ಮಾವನವರು ಸಿದ್ಧರಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಗಲ್ಲಿಯ ಕೊನೆಗೆ ಹೋಗುವರು, ಇಂಜೆಕ್ಷನ್ ಆಗುವ ತನಕ ಬಸ್ತ್ಯಾಂವ್ ಜೊತೆ ಜೋಯಿಡಾದ ಕಾಡಿನ ಮಾತಾಡುವರು, ತಿರುಗಿ ತರುವರು. ಸಂಜೆ ಮತ್ತೆ. ಅವರು ಬರುವುದನ್ನು ನೋಡಿ ಜುಲಿಯಾನಾ ಬಾಯಿ ಚಹಾಕ್ಕಿಡುವರು. ನಾನು ಒಯ್ಯುತ್ತೇನೆ ಎಂದರೆ ಮಾವನವರು ಕೊಡಲಿಲ್ಲ. ಇದು ನನ್ನ ಲೈನು ಎಂದರು. (ಮೀಟರ್ ರೀಡರುಗಳ ಭಾಷೆಯಲ್ಲಿ ಲೈನು ಎಂದರೆ ದಿನಾ ತಿರುಗಬೇಕಾದ ದಾರಿ.)

ಹೀಗೆ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಮಳೆ ಬಂತು, ಮೊದಲ ಮಳೆ, ಆಲಿಕಲ್ಲು. ಮಾವನವರು ಕೊಡೆ ಹುಡುಕುತ್ತಿದ್ದರು. ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ತಲೆಯ ಮೇಲೆ ಗೋಣಿಚೀಲ ಹೊದ್ದು ಜುಲಿಯಾನಾ ಬಾಯಿ ನಿಂತಿದ್ದರು. ಈ ಮಳೆಯಲ್ಲಿ ಅಜ್ಜಾರು ಜಾರಿ ಬಿದ್ದರೆ ಅವರನ್ನು ಯಾರು ಆಸ್ಪತ್ರೆಗೆ ಹೊರಬೇಕು ಎಂದು ನನ್ನನ್ನೇ ಗದರಿಸಿದರು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಊರಿನಿಂದ ತಮ್ಮಂದಿರು ತಂದುಕೊಟ್ಟ ಎಮ್ಮೆಯ ಗಿಣ್ಣು. ಕೇಳಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು, ನಮ್ಮ ಪಾತ್ರೆಗಳನ್ನು ಆಚೀಚೆ ಸರಿಸಿ, ಮಧ್ಯದ ತಟ್ಟೆಯಲ್ಲಿ ಜಾಗ ಮಾಡಿ ಡಬ್ಬಿ ಇಟ್ಟರು. ಟ್ರೇಯಿಂದ ಇನ್ಸುಲಿನ್ ತೆಗೆದುಕೊಂಡರು. ಹೋಗುವಾಗ, ಗಿಣ್ಣಿನಲ್ಲಿ ಅರ್ಧ ನಿಮಗೆ, ಸಂಜೆ ತನಕ ಮುಟ್ಟಬೇಡಿ, ಗಟ್ಟಿಯಾಗಲಿ ಎಂದು ತಾಕೀತು ಮಾಡಿದರು.

ನನ್ನ ಫ್ರಿಜ್ಜಿನಲ್ಲಿ ನನಗೇ ತಾಕೀತು. ಆ ದಿನ ನನಗೆ ಎಷ್ಟು ಹಾಯೆನಿಸಿತೆಂದು ಹೇಳಲಾರೆ.

ಈಗ ಸ್ಟಿಕ್ಕರಿನ ವಿಷಯ. ಅದರ ಮೇಲೆ ನನಗೆ ಸಿಟ್ಟಿಲ್ಲ. ಎರಡು ಫ್ರಿಜ್ಜುಗಳಲ್ಲಿ ಯಾವುದು ಮೇಲು ಎಂದು ಆರಿಸಲು ಅದು ಬೇಕೇ ಬೇಕು. ನೀವು ಕೊಳ್ಳುವಾಗ ನೋಡಿಯೇ ಕೊಳ್ಳಿ. ಬೈಕಿನ ಮೈಲೇಜನ್ನು ನೋಡಿ ಕೊಳ್ಳುವುದಿಲ್ಲವೇ? ಮನೆಗೆ ತಂದ ಮೇಲೆ ಹಿಂದೆ ಹೆಂಡತಿ, ಮುಂದೆ ಅಕ್ಕಿ ಚೀಲ, ರಸ್ತೆಯಲ್ಲಿ ಗುಂಡಿ ಬಂದು ಆ ಮೈಲೇಜು ಎಲ್ಲಿಗೋ ಹೋಗುವುದಿಲ್ಲವೇ? ಕಂಪನಿಯವರು ಗುಂಡಿಯನ್ನು ಅಳೆಯಲಾರರು, ಹೆಂಡತಿಯನ್ನಂತೂ ಮೊದಲೇ ಅಳೆಯಲಾರರು. ಲ್ಯಾಬಿನಲ್ಲಿಟ್ಟ ಫ್ರಿಜ್ಜಿಗೆ ಗಲ್ಲಿ ಇರುವುದಿಲ್ಲ. ಅದಕ್ಕೆ ಮುಕ್ಕಾಲು ಯೂನಿಟ್ ಸಾಕು. ತಪ್ಪಾದದ್ದು ಎಲ್ಲೆಂದರೆ, ಆ ಮುಕ್ಕಾಲನ್ನು ನಾನು ನನ್ನ ಮನೆಯ ಗುರಿ ಎಂದುಕೊಂಡೆ. ಯಾರೂ ಬಾರದ ಮನೆಯಂತೆ ನನ್ನ ಮನೆ ಆಗಲಿ ಎಂದು ಹೊರಟೆ. ವಾರದೊಳಗೆ ಹತ್ತಿರ ಹತ್ತಿರ ಆಗಿಯೂ ಬಿಟ್ಟಿತ್ತು.

ಗೋಡೆಯ ಮೀಟರನ್ನು ತೆಗೆಸಿಬಿಡೋಣವೇ ಎಂದು ಮಾವನವರನ್ನು ಕೇಳಿದೆ. ಬೇಡ ಎಂದರು. ದಿನಾ ಬೆಳಿಗ್ಗೆ ಏಳಕ್ಕೆ ಈಗಲೂ ಓದುತ್ತಾರೆ. ಕ್ಯಾಲೆಂಡರಿನಲ್ಲಿ ಬರೆಯುವುದನ್ನು ಬಿಟ್ಟಿದ್ದಾರೆ. ನಿನ್ನೆ ಎಷ್ಟು ಎಂದು ನಾನೇ ಹಟ ಮಾಡಿ ಕೇಳಿದೆ. ಒಂದೂಮುಕ್ಕಾಲು ದಾಟಿದೆಯಂತೆ. ಹೇಳುವಾಗ ಮುಖದಲ್ಲಿ ತೃಪ್ತಿ ಇತ್ತು. ಎಲ್ಲಾರೂ ಬಂದಾರ ಎಂದರು.

ನೀವೂ ಈ ಬೇಸಿಗೆಯಲ್ಲಿ ನಿಮ್ಮ ಮನೆಯ ಯೂನಿಟ್ ಎಣಿಸಿ, ಬೇಡ ಎನ್ನುವುದಿಲ್ಲ. ಎಣಿಸುವ ಮುಂಚೆ ಒಮ್ಮೆ ಫ್ರಿಜ್ಜಿನ ಬಾಗಿಲು ತೆರೆದು ನೋಡಿ: ಒಳಗೆ ನಿಮ್ಮದಲ್ಲದ್ದು ಏನಾದರೂ ಇದೆಯೇ?